ಬಿರುಗಾಳಿಯ ವಾರ್ತೆಯನ್ನು ಮುಂದಾಗಿ ಸಾರಿದ ಫಿಟ್ಜ್‌ರಾಯ್

ಸಮುದ್ರದ ಮೇಲೆ ಏಳುವ ಬಿರುಗಾಳಿಯ ವಾರ್ತೆಯನ್ನು ಅದು ದಡ ಮುಟ್ಟುವುದಕ್ಕೆ ಮುಂಚೆಯೇ ಪ್ರಜೆಗಳಿಗೆ ತಿಳಿಸುವುದು ಸರಕಾರದ ಕರ್ತವ್ಯಗಳಲ್ಲೊಂದೆಂಬುದನ್ನು ಈಗ ಯಾರೂ ಅಲ್ಲಗಳೆಯಲಾರರು. ಮಂಗಳೂರು, ಮಲ್ಪೆ, ಕಾರವಾರಗಳ ಮೀನುಗಾರರು ಕಡಲಿಗೆ ಇಳಿಯಬಾರದೆಂಬ ಸೂಚನೆ ಹೊರಟಾಗ, ಘಟ್ಟದ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದಾಗ, ನಾವು ಅದನ್ನು ನಿತ್ಯದ ಸಂಗತಿಯೆಂದೇ ಓದಿ ಪುಟವನ್ನು ಮಗುಚುತ್ತೇವೆ. ಹೇಳಿದ ಮಳೆ ಬಾರದೆ ಹೋದರೆ ಹವಾಮಾನ ಇಲಾಖೆಯನ್ನು ಹಾಸ್ಯಮಾಡುತ್ತೇವೆ. ಇಂಥ ಸೂಚನೆಯೊಂದನ್ನು ಹೊರಡಿಸುವ ಪದ್ಧತಿಯನ್ನು ನೆಲೆಗೊಳಿಸುವುದಕ್ಕಾಗಿ ದುಡಿದು ದುಡಿದು ಬಳಲಿ, ನಗೆಗೀಡಾಗಿ, ದುರಂತವಾಗಿ ಕಾಲವಾದ ಪುರುಷನೊಬ್ಬನ ಚರಿತ್ರೆಯನ್ನು ವಾಚಕರ ಮುಂದೆ ಇಡುವುದು ಅಪ್ರಸ್ತುತವಾಗಲಾರದೆಂದು ನಾವು ಭಾವಿಸುತ್ತೇವೆ. ಆತನೇ ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್ ಪಂಡಿತನು ಭೂಪ್ರದಕ್ಷಿಣೆ ಮಾಡಿದ ಬೀಗಲ್ ಹಡಗಿನ ಕಪ್ತಾನನೆಂದು ಆತನ ಹೆಸರನ್ನು ಲೋಕವು ಬಲ್ಲುದು. ಆತನ ಉಳಿದ ಅರ್ಧ ಜೀವಿತವನ್ನು ಬಲ್ಲವರು ವಿರಳ.

ಫಿಟ್ಜ್‌ರಾಯನು 1805ನೆಯ ಇಸವಿ ಜುಲೈ 5ನೆಯ ತಾರೀಖು ಇಂಗ್ಲೆಂಡಿನ ಸಫೋಕ್ ಪ್ರಾಂತದಲ್ಲಿ ಗ್ರಾಫ್ಟನ್ ಡ್ಯೂಕರ ಮನೆತನದಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ಪೋರ್ಟ್ಸ್‌ಮತ್ತಿನ ನೌಕಾವಿದ್ಯಾಲಯವನ್ನು ಸೇರಿ, ಪರೀಕ್ಷೆಯಲ್ಲಿ ಪೂರ್ಣ ಅಂಕಗಳನ್ನು ಗಳಿಸಿ ಹೆಸರು ಪಡೆದನು. 1828ರಲ್ಲಿ ದಕ್ಷಿಣ ಅಮೇರಿಕದ ತುದಿಯ ಕ್ರೂರ ಸಮುದ್ರಗಳಲ್ಲಿ ಮೋಜಣಿ ನಡೆಯಿಸುತ್ತಿದ್ದ ಬೀಗಲ್ ಹಡಗಿನ ಕಪ್ತಾನನು ಮನೋವ್ಯಥೆಯಿಂದ ಪ್ರಾಣ ಕಳೆದುಕೊಳ್ಳಲು, ಇಪ್ಪತ್ತಮೂರು ವರ್ಷದ ಈ ತರುಣನಿಗೆ ಆ ಹಡಗಿನ ಅಧಿಕಾರವು ಬಂದಿತು. ಮರುವರ್ಷದ ಜನವರಿಯಲ್ಲಿ ಮಾಲ್ಡೊನಾಡೊ ಎಂಬ ಸ್ಥಳದ ಸಮೀಪ ಪಾಂಪೆರೊ ಎಂಬ ದಿಢೀರ್ ಗಾಳಿಯು ಹಡಗಿನ ಮೇಲೆ ಎರಗಿತು. ಹಡಗು ಮಗುಚಿಕೊಳ್ಳುವ ಸ್ಥಿತಿಗೆ ಬಂದಿತು. ಇಬ್ಬರು ನಾವಿಕರು ನೀರುಪಾಲಾದರು. ಗಾಳಿ ಬರುವುದಕ್ಕೆ ಮುಂಚೆ ವಾಯುಭಾರಮಾಪಕದ ಪಾದರಸವು ಇಳಿದಿತ್ತು. ಯಂತ್ರವು ಹೇಳಿದ ಮಾತನ್ನು ತಾನು ಸಕಾಲದಲ್ಲಿ ಮನಸ್ಸಿಗೆ ತಂದುಕೊಳ್ಳಲಿಲ್ಲವೆಂಬ ಕೊರಗು ಆ ಕಪ್ತಾನನನ್ನು ಬಿಡಲಿಲ್ಲ. ಮುಂದೆ ಆತನು ಕೈಕೊಂಡ ಕಾರ್ಯದ ಬೀಜವು ಇಲ್ಲಿಯೇ ಬಿದ್ದಿತೆಂದರೆ ತಪ್ಪಾಗದು.

1831ನೆಯ ಡಿಸೆಂಬರಿನಿಂದ 1836ನೆಯ ಅಕ್ಟೋಬರಿನ ವರೆಗೆ ನಡೆದ ಬೀಗಲ್ಲಿನ ಎರಡನೆಯ ಯಾತ್ರೆಯು ಡಾರ್ವಿನ್ನನಿಂದಾಗಿ ಜಗತ್ಪ್ರಸಿದ್ಧವಾಗಿದೆ. ಆ ಯಾತ್ರೆಯಲ್ಲಿ ಫಿಟ್ಜ್‌ರಾಯನು ಮಾಡಿದ ಸಮುದ್ರತೀರದ ನಕ್ಷೆಗಳು ಬಹುಕಾಲ ನಾವಿಕರಿಗೆ ಆಧಾರವಾದವು. ಕೆಲಸವು ಸಾಂಗವಾಗಲೆಂದು ಸಣ್ಣ ಹಡಗುಗಳನ್ನು ಆತನು ಸ್ವಂತ ಹಣದಿಂದ ಪಡೆದನು. ನೌಕಾಖಾತೆಯು ಆ ವೆಚ್ಚವನ್ನು ಕೊಡಲೊಪ್ಪಲಿಲ್ಲ. ಅನಂತರ ಆತನು ಪಾರ್ಲಿಮೆಂಟಿನ ಸದಸ್ಯನಾದನು. 1843ರಲ್ಲಿ ನ್ಯೂಜಿಲೆಂಡಿನ ಗವರ್ನರನಾದನು. ಅಲ್ಲಿಯ ಮಾವೊರಿ ಜನರಿಗೂ ಬಿಳಿಯ ವಲಸೆಗಾರರಿಗೂ ವೈರಾವು ಎಂಬಲ್ಲಿ ನಡೆದ ಕಾಳಗದ ವಿಷಯದಲ್ಲಿ ತಪ್ಪು ವಲಸೆಗಾರರದೆಂದು ಆತನು ನಿರ್ಣಯಿಸಿದ್ದರಿಂದ ಸ್ವಜನರ ಕೋಪಕ್ಕೆ ಪಾತ್ರನಾದನು. ಬೊಕ್ಕಸವೂ ಬರಿದಾಗಿತ್ತು. 1845ರಲ್ಲಿ ಸರಕಾರವು ಆತನನ್ನು ಹಿಂದಕ್ಕೆ ಕರೆಯಿಸಿಕೊಂಡಿತು. ಅಪ್ರಿಯವಾದರೂ ತನಗೆ ಸತ್ಯವೆಂದು ಕಂಡದ್ದನ್ನು ಬಿಡದ ಸ್ವಭಾವವು ಆತನದು. ಸಿಟ್ಟೂ ಅಷ್ಟೇ ತೀವ್ರ. ವಿಷಾದವೂ ಅಷ್ಟೇ ಆಳ.

1854ರಲ್ಲಿ ಬ್ರಿಟಿಷ್ ವ್ಯಾಪಾರ ಮಂಡಳಿಯವರು ಹವೆಯ ಅಂಕಿಗಳನ್ನು ಕೂಡಿಹಾಕಲು ಚಿಕ್ಕದೊಂದು ಖಾತೆಯನ್ನು ತೆರೆದು ಅದಕ್ಕೆ ಫಿಟ್ಜ್‌ರಾಯನನ್ನು ಮುಖ್ಯಸ್ಥನನ್ನಾಗಿ ನೇಮಿಸಿದರು. ಕೆಲವೇ ಮಂದಿ ಗುಮಾಸ್ತರು. ಹಡಗುಗಳ ದಿನಚರಿಗಳಿಂದ ಗಾಳಿಯ ದಿಕ್ಕು, ಬಲಗಳನ್ನು ಎತ್ತಿ ಬರೆದು ಪಟ್ಟಿಮಾಡುವುದಷ್ಟೇ ಅವರಿಗೆ ವಿಧಿಸಿದ ಕೆಲಸ. ಬೇರೊಬ್ಬ ಅಧಿಕಾರಿಯಾಗಿದ್ದರೆ ಪಟ್ಟಿಗಳನ್ನು ತುಂಬಿ ಪಿಂಚಣಿಗಾಗಿ ಕಾಯುತ್ತಿದ್ದನು. ಫಿಟ್ಜ್‌ರಾಯನು ಬಡ ಬೆಸ್ತರ ರೇವುಗಳಿಗೆ ವಾಯುಭಾರಮಾಪಕಗಳನ್ನು ಎರವಲಾಗಿ ಕೊಡಿಸಿ, ಪಾದರಸ ಇಳಿದರೆ ಏನು ತಿಳಿಯಬೇಕೆಂಬುದನ್ನು ಸುಲಭವಾದ ಮಾತುಗಳಲ್ಲಿ ಬರೆದು ಹಂಚಿದನು.

ಅಷ್ಟರಲ್ಲಿ ಘೋರವಾದೊಂದು ಅನಾಹುತವು ಜನರ ಕಣ್ಣು ತೆರೆಯಿಸಿತು. 1859ನೆಯ ಅಕ್ಟೋಬರ್ 25-26ರ ರಾತ್ರಿ, ಆಸ್ಟ್ರೇಲಿಯದಿಂದ ಬಂಗಾರವನ್ನೂ ಜನರನ್ನೂ ಹೊತ್ತು ಲಿವರ್‌ಪೂಲಿಗೆ ಮರಳುತ್ತಿದ್ದ ರಾಯಲ್ ಚಾರ್ಟರ್ ಎಂಬ ಹಡಗು, ಊರು ಇನ್ನೇನು ಸಮೀಪಿಸಿತೆನ್ನುವಾಗ ಆಂಗಲ್ಸಿ ದ್ವೀಪದ ಬಂಡೆಗಳಿಗೆ ಬಡಿದು ನುಚ್ಚುನೂರಾಯಿತು. ಸುಮಾರು 450 ಮಂದಿ ಸತ್ತರು. ಅದೇ ಬಿರುಗಾಳಿಯಲ್ಲಿ ನೂರಕ್ಕೂ ಮಿಕ್ಕಿ ಹಡಗುಗಳು ಹಾಳಾದವು. ಫಿಟ್ಜ್‌ರಾಯನು ಹಲವು ಕಡೆಗಳ ಅಂಕಿಗಳನ್ನು ತರಿಸಿ ಆ ಗಾಳಿಯ ಗತಿಯನ್ನು ಗಂಟೆಗಂಟೆಗೂ ನಕ್ಷೆಯ ಮೇಲೆ ಗುರುತಿಸಿದನು. ಬಿರುಗಾಳಿಯು ಒಂದು ಸ್ಥಳದಿಂದ ಮತ್ತೊಂದಕ್ಕೆ ಚಲಿಸುತ್ತದೆ. ತಂತಿಯ ವರ್ತಮಾನವು ಅದಕ್ಕಿಂತ ವೇಗವಾಗಿ ಓಡುತ್ತದೆ. ಆದಕಾರಣ ಗಾಳಿಗೆ ಸಿಕ್ಕಿದ ಊರು ಇನ್ನೂ ಸಿಕ್ಕದ ಊರನ್ನು ಎಚ್ಚರಿಸಬಹುದು. ಆತನ ವಾದದ ತಿರುಳು ಇಷ್ಟೇ. ಈಗ ಇದು ಮಕ್ಕಳಿಗೂ ತಿಳಿಯುವ ಮಾತು. ಆಗ ಅದಕ್ಕಾಗಿ ಹೋರಾಡಬೇಕಾಯಿತು.

ಸರಕಾರದ ಒಪ್ಪಿಗೆ ದೊರೆತ ಮೇಲೆ 1860ರಿಂದ ಕರಾವಳಿಯ ಠಾಣೆಗಳು ಪ್ರತಿದಿನ ಬೆಳಗ್ಗೆ ವಾಯುಭಾರ, ಉಷ್ಣತೆ, ಗಾಳಿಗಳ ವಿವರವನ್ನು ತಂತಿಯ ಮೂಲಕ ಲಂಡನ್ನಿಗೆ ಕಳುಹಿಸತೊಡಗಿದವು. 1861ನೆಯ ಫೆಬ್ರುವರಿ 6ನೆಯ ತಾರೀಖು ಮೊದಲನೆಯ ಬಿರುಗಾಳಿಯ ಎಚ್ಚರಿಕೆಯು ಹೊರಟಿತು. ಓದುಬರಹವಿಲ್ಲದ ಬೆಸ್ತನಿಗೂ ತಿಳಿಯುವಂತೆ ರೇವಿನ ಕಂಬಕ್ಕೆ ಕ್ಯಾನ್ವಾಸಿನ ಆಕೃತಿಗಳನ್ನು ಏರಿಸುವ ಏರ್ಪಾಡಾಯಿತು: ಶಂಕುವಿನ ಮೊನೆ ಮೇಲಾಗಿದ್ದರೆ ಉತ್ತರದ ಗಾಳಿ, ಕೆಳಗಾಗಿದ್ದರೆ ದಕ್ಷಿಣದ ಗಾಳಿ, ಡೋಲಿನ ಆಕೃತಿಯಿದ್ದರೆ ದಿಕ್ಕು ಬದಲಿಸುತ್ತ ಬೀಸುವ ಗಾಳಿ, ರಾತ್ರಿ ದೀಪಗಳು. ಅದೇ ವರ್ಷದ ಆಗಸ್ಟ್ 1ರಿಂದ ಲಂಡನ್ನಿನ ಟೈಮ್ಸ್ ಪತ್ರಿಕೆಯು ಆತನ ದಿನದಿನದ ಹವಾ ಮುನ್ಸೂಚನೆಯನ್ನು ಅಚ್ಚುಹಾಕತೊಡಗಿತು. ಪತ್ರಿಕೆಗಳಲ್ಲಿ ನಾವು ಈಗ ಕಾಣುವ ಹವಾ ವರದಿಯ ಅಂಕಣಕ್ಕೆ ಇದೇ ಮೂಲವು. ಚಂದ್ರನನ್ನು ನೋಡಿ ಮಳೆಗಾಳಿ ಹೇಳುವ ಪಂಚಾಂಗದವರ ಸಾಲಿನಲ್ಲಿ ತನ್ನನ್ನು ಸೇರಿಸಬಾರದೆಂದು ಆತನು ಭವಿಷ್ಯವಾಣಿಯೆಂಬ ಹೆಸರನ್ನು ದೂರವಿಟ್ಟು, ಲೆಕ್ಕದಿಂದ ಕಟ್ಟಿದ ಅಂದಾಜೆಂಬ ಅರ್ಥ ಬರುವ ಹೊಸ ಹೆಸರನ್ನೇ ಬಳಕೆಗೆ ತಂದನು.

ಹೆಸರು ಬದಲಾದ ಮಾತ್ರಕ್ಕೆ ಜನರ ನಿರೀಕ್ಷೆ ಬದಲಾಗಲಿಲ್ಲ. ಎಚ್ಚರಿಕೆ ನಿಜವಾದ ದಿನ ದೋಣಿಗಳು ದಡದಲ್ಲಿದ್ದುವು. ಉಳಿದ ಪ್ರಾಣಗಳನ್ನು ಯಾರೂ ಎಣಿಸಲಿಲ್ಲ. ಎಚ್ಚರಿಕೆ ಹುಸಿಯಾದ ದಿನವೂ ದೋಣಿಗಳು ದಡದಲ್ಲಿದ್ದುವು; ಹೋದ ಹಣವನ್ನು ಎಲ್ಲರೂ ಎಣಿಸಿದರು. ಶಂಕುವನ್ನು ಏರಿಸಿದರೆ ಕೂಲಿಯವರು ಕಡಲಿಗಿಳಿಯಲು ಹಿಂಜರಿಯುತ್ತಿದ್ದುದರಿಂದ ದೋಣಿಗಳ ಯಜಮಾನರು ಆತನ ಮೇಲೆ ಮುನಿದರು. ವಿಜ್ಞಾನಿಗಳು, ಸಿದ್ಧಾಂತವು ಗಟ್ಟಿಯಾಗದೆ ಫಲವನ್ನು ಸಾರುವುದು ಶಾಸ್ತ್ರಕ್ಕೆ ಕುಂದೆಂದರು. ಪಾರ್ಲಿಮೆಂಟಿನಲ್ಲಿ ಹಾಸ್ಯವಾಯಿತು. ಮುನ್ಸೂಚನೆಯನ್ನು ದಿನವೂ ಪ್ರಕಟಿಸುತ್ತಿದ್ದ ಪತ್ರಿಕೆಯೇ ತಪ್ಪುಗಳ ಹೊಣೆ ತನ್ನದಲ್ಲವೆಂದು ಕೈತೊಳೆದುಕೊಂಡಿತು. ಪತ್ರಿಕಾವೃತ್ತಿಯವರಾದ ನಮಗೆ ಈ ಕೊನೆಯ ಸಂಗತಿಯು ಸಂತೋಷದಾಯಕವಲ್ಲವೆಂದು ಹೇಳಲೇಬೇಕಾಗಿದೆ.

ಅತಿಶ್ರಮ, ಕಿವಿಯ ಮಂದತನ, ಸಾಲ, ಮೊದಲಿನಿಂದಲೂ ಬೆನ್ನುಹತ್ತಿದ್ದ ವಿಷಾದ, ಇವೆಲ್ಲವೂ ಕೂಡಿ ಆತನನ್ನು ಕುಗ್ಗಿಸಿದವು. 1865ನೆಯ ಏಪ್ರಿಲ್ 30ನೆಯ ತಾರೀಖು ಭಾನುವಾರ ಬೆಳಗ್ಗೆ, ತನ್ನ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಫಿಟ್ಜ್‌ರಾಯನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಟೀಕೆಯೊಂದೇ ಇದಕ್ಕೆ ಕಾರಣವೆಂದು ಹೇಳುವುದು ನ್ಯಾಯವಲ್ಲ. ಟೀಕೆಯ ಪಾಲೇ ಇಲ್ಲವೆನ್ನುವುದೂ ನ್ಯಾಯವಲ್ಲ. ಆಸ್ತಿಯೆಲ್ಲ ಕರಗಿಹೋಗಿದ್ದುದರಿಂದ ಕುಟುಂಬಕ್ಕಾಗಿ ನಿಧಿ ಕೂಡಿಸಬೇಕಾಯಿತು. ಮತಾಭಿಪ್ರಾಯಗಳಲ್ಲಿ ಆತನಿಗೆ ವಿರೋಧಿಯಾಗಿದ್ದ ಡಾರ್ವಿನ್ನನು ಅದಕ್ಕೆ 100 ಪೌಂಡು ಕೊಟ್ಟನು.

ಮುಂದೆ ನಡೆದುದು ವಿಚಾರಾರ್ಹವಾಗಿದೆ. ಸರಕಾರವು ನೇಮಿಸಿದ ಸಮಿತಿಯೊಂದು ಆತನ ಪದ್ಧತಿಗೆ ಶಾಸ್ತ್ರದ ಆಧಾರ ಸಾಲದೆಂದು ಅಭಿಪ್ರಾಯಪಟ್ಟಿತು. ದಿನದ ಮುನ್ಸೂಚನೆಗಳು ನಿಂತವು. 1866ರ ಡಿಸೆಂಬರಿನಲ್ಲಿ ಬಿರುಗಾಳಿಯ ಎಚ್ಚರಿಕೆಗಳೂ ನಿಂತವು. ಆಗ ಪ್ರತಿಭಟಿಸಿದವರು ಪಂಡಿತರಲ್ಲ, ಸಮುದ್ರದ ಮೇಲೆ ಬದುಕುವ ಜನರು. ಸುಮಾರು ಒಂದು ವರ್ಷದೊಳಗಾಗಿ ಎಚ್ಚರಿಕೆಗಳು ಪುನಃ ಆರಂಭವಾದವು. 1879ರಲ್ಲಿ ದಿನದ ಮುನ್ಸೂಚನೆಯೂ ಪತ್ರಿಕೆಗಳಿಗೆ ಮರಳಿತು. 2002ರಲ್ಲಿ ಬ್ರಿಟಿಷರು ತಮ್ಮ ನಾವಿಕ ವರದಿಯ ಸಮುದ್ರಭಾಗವೊಂದಕ್ಕೆ ಫಿಟ್ಜ್‌ರಾಯನ ಹೆಸರಿಟ್ಟರು.

ನಮ್ಮ ದೇಶಕ್ಕೆ ಈ ಪಾಠವು ಬಹು ದುಬಾರಿಯಾಗಿ ದೊರೆಯಿತು. 1864ನೆಯ ಅಕ್ಟೋಬರಿನ ಚಂಡಮಾರುತದಲ್ಲಿ ಕಲಕತ್ತೆಯಲ್ಲಿಯೂ ಹೂಗ್ಲಿಯ ದಡದಲ್ಲಿಯೂ ಸುಮಾರು 60,000 ಜನರು ಮಡಿದ ಮೇಲೆ ಆ ಬಂದರಿಗೆ ಎಚ್ಚರಿಕೆಯ ವ್ಯವಸ್ಥೆಯಾಯಿತು. 1875ರಲ್ಲಿ ಭಾರತದ ಹವಾಮಾನ ಇಲಾಖೆಯು ಸ್ಥಾಪಿತವಾಯಿತು. 1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನರು ಸತ್ತರು. ಅದೇ ತೀರಕ್ಕೆ 2013ರಲ್ಲಿ ಫೈಲಿನ್ ಚಂಡಮಾರುತವು ಬಂದಾಗ ಲಕ್ಷಾಂತರ ಜನರನ್ನು ಮುಂಚಿತವಾಗಿಯೇ ಸ್ಥಳಾಂತರಿಸಿದ್ದರಿಂದ ಸತ್ತವರ ಸಂಖ್ಯೆಯು ನೂರನ್ನು ಮುಟ್ಟಲಿಲ್ಲ. ಎಚ್ಚರಿಕೆಯ ಜೊತೆಗೆ ಆಶ್ರಯಗೃಹ, ವಾಹನ, ಅನ್ನ, ನಂಬಿಕೆಗಳು ಸಿದ್ಧವಾಗಿದ್ದುದೇ ಇದಕ್ಕೆ ಕಾರಣವು.

ಫಿಟ್ಜ್‌ರಾಯನ ಚರಿತ್ರೆಯಿಂದ ಅಧಿಕಾರಿಗಳೂ ನಾಗರಿಕರೂ ಗ್ರಹಿಸಬೇಕಾದ ಅಂಶವೊಂದಿದೆ. ಎಚ್ಚರಿಕೆಯು ಕೆಲವೊಮ್ಮೆ ಹುಸಿಯಾಗಿಯೇ ತೀರುತ್ತದೆ. ಆ ಹುಸಿಯ ಬೆಲೆಯನ್ನು ತೆರುವವನು ಕಚೇರಿಯಲ್ಲಿ ಕುಳಿತವನಲ್ಲ, ದಿನಗೂಲಿಯ ಮೀನುಗಾರನು. ಮೂರು ದಿನ ದೋಣಿ ಕಟ್ಟಿಹಾಕಿದವನ ಮನೆಯಲ್ಲಿ ಒಲೆ ಉರಿಯದಿದ್ದರೆ ನಾಲ್ಕನೆಯ ದಿನ ಆತನು ಯಾವ ಸೂಚನೆಯನ್ನೂ ಲೆಕ್ಕಿಸದೆ ಕಡಲಿಗೆ ಇಳಿಯುವನು. ಅದಕ್ಕೆ ಆತನನ್ನು ದೂರುವುದು ನಿರರ್ಥಕ. ಕಡಲಿಗೆ ಹೋಗಬೇಡವೆನ್ನುವ ಸರಕಾರವು ಆ ದಿನಗಳ ಅನ್ನದ ಹೊಣೆಯಲ್ಲಿಯೂ ಪಾಲು ಹೊರಬೇಕೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ನಾವು ಪಟ್ಟಣಿಗರಾದರೋ, ಬಾರದ ಮಳೆಗಾಗಿ ನಗುವುದಕ್ಕೆ ಮುಂಚೆ, ಇಂಥ ನಗೆಯಿಂದ ಎಚ್ಚರಿಕೆಗಳೇ ನಿಂತುಹೋದ ಆ ಒಂದು ವರ್ಷವನ್ನು ನೆನೆಯುವುದು ಲೇಸು.