ನುಡಿದಂತೆ ನಡೆದ ಪಾದ್ರಿ ಮೊಗ್ಲಿಂಗ್

ತಾಳವಾಡಿ ಬೆಟ್ಟಸೀಮೆಯ ನಮ್ಮ ಗುಮಟಾಪುರ ತಮಿಳುನಾಡಿಗೆ ಸೇರಿದ್ದು. ಮನೆಮಾತು ಮಾತ್ರ ಕನ್ನಡ. ಕಾಸರಗೋಡಿನ ಓದುಗರಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಕನ್ನಡದ ಮೊದಲ ಪತ್ರಿಕೆ ಯಾವುದೆಂದು ಕೇಳಿದರೆ ನಮ್ಮ ಮಕ್ಕಳು ‘ಮಂಗಳೂರ ಸಮಾಚಾರ’, ಸಂಪಾದಕರು ಹರ್ಮನ್ ಮೊಗ್ಲಿಂಗ್, 1843ರ ಜುಲೈ 1 ಎಂದು ತಟ್ಟನೆ ಒಪ್ಪಿಸುತ್ತಾರೆ. ಒಂದು ಅಂಕದ ಪ್ರಶ್ನೆ, ಅಲ್ಲಿಗೆ ಮುಗಿಯಿತು. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, ಕ್ರಿಸ್ತಮತ ಸಾರಲು ಬಂದವರು ದಾಸರ ಪದಗಳನ್ನೇಕೆ ಅಚ್ಚು ಹಾಕಿಸಿದರೆಂದು ಕೇಳಿದಳು. ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಮೊಗ್ಲಿಂಗರ ಬಾಳಿನಲ್ಲಿ ಹುಡುಕಬೇಕು.

ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ 1811ರ ಮೇ 29ರಂದು ಹುಟ್ಟಿದ ಅವರು ಟ್ಯೂಬಿಂಗೆನ್‌ನಲ್ಲಿ ದೇವಶಾಸ್ತ್ರ ಓದಿದವರು. ಸ್ವದೇಶದಲ್ಲೇ ಚರ್ಚಿನ ಗುರುವಾಗಿ ನೆಮ್ಮದಿಯಿಂದ ಇರಬಹುದಿತ್ತು. ಅದನ್ನು ಬಿಟ್ಟು ಬಾಸೆಲ್ ಮಿಶನ್ ಸೇರಿ 1836ರಲ್ಲಿ ಮಂಗಳೂರಿಗೆ ಬಂದರು. ಬಂದದ್ದು ಮತಪ್ರಚಾರಕ್ಕೇ. ಅದನ್ನು ಅವರೂ ಮುಚ್ಚಿಡಲಿಲ್ಲ, ನಾವೂ ಮರೆಮಾಚಬೇಕಾದ್ದಿಲ್ಲ.

ಆದರೆ ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಬೈಬಲಿನ ಮಾತನ್ನು ಅವರು ಬೋಧನೆಗೆ ಮಾತ್ರ ಇಟ್ಟುಕೊಳ್ಳಲಿಲ್ಲ. ತಾವು ಕಲಿಸುತ್ತಿದ್ದ ಹುಡುಗರೊಡನೆ ಒಂದೇ ಮನೆಯಲ್ಲಿದ್ದು ಅವರೊಡನೆಯೇ ಊಟ ಮಾಡಿದರು. ಬಿಳಿಯರು ಬಂಗಲೆಯಲ್ಲಿ ದೂರ ಕುಳಿತಿರುತ್ತಿದ್ದ ಕಾಲ ಅದು. 1844ರಲ್ಲಿ ಕ್ರೈಸ್ತನಾದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಬಾಸೆಲಿನಲ್ಲಿ ಓದಿ, ಗುರುದೀಕ್ಷೆ ಪಡೆದು, ಮೊಗ್ಲಿಂಗರ ಜೊತೆ ಕೆಲಸಗಾರರಾದರು.

ನೆರೆಯವನನ್ನು ಪ್ರೀತಿಸಬೇಕಾದರೆ ಅವನ ಮಾತು, ಹಾಡು, ಗಾದೆ ತಿಳಿದಿರಬೇಡವೇ? ಮೊಗ್ಲಿಂಗರು ಕೂತು ಕಲಿತರು. ಕಲ್ಲಚ್ಚಿನಲ್ಲಿ ಪತ್ರಿಕೆ ತಂದರು. ಸಾವಿರಾರು ಗಾದೆಗಳನ್ನು ಕೂಡಿಸಿದರು. 1848ರಿಂದ 1853ರವರೆಗೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಅಚ್ಚಾದವು. ಅಚ್ಚಿನ ವೆಚ್ಚಕ್ಕೆ ನೆರವಾದವರು ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಅನ್ಯಮತದ ಗ್ರಂಥವೆಂದು ತಿರುಚದೆ ಕನ್ನಡವನ್ನು ಕನ್ನಡವಾಗಿಯೇ ಅಚ್ಚು ಹಾಕಿದ್ದು ಸಣ್ಣ ಪ್ರಾಮಾಣಿಕತೆಯಲ್ಲ. ಈ ಕೆಲಸಕ್ಕೆ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಡಾಕ್ಟರೇಟ್ ಕೊಟ್ಟಿತು.

ನಿಜವಾದ ಪರೀಕ್ಷೆ ಬಂದದ್ದು 1852ರ ಕೊನೆಗೆ. ದೇಹ ಸೋತು, ಊರಿಗೆ ಹಿಂದಿರುಗಲು ಮೊಗ್ಲಿಂಗರು ಸಿದ್ಧರಾಗಿದ್ದರು. ಆಗ ಕೊಡಗಿನ ಅಲ್ಮಂಡ ಸೋಮಯ್ಯ ಎಂಬವರು ಅವರನ್ನು ಹುಡುಕಿಕೊಂಡು ಮಂಗಳೂರಿಗೆ ಬಂದರು. ಮುಂದಿನ ಜನವರಿಯಲ್ಲಿ ಅವರಿಗೆ ಸ್ಟೆಫನಸ್ ಎಂದು ಹೆಸರಿಟ್ಟು ದೀಕ್ಷಾಸ್ನಾನವಾಯಿತು. ಸೋಮಯ್ಯನವರು ಮರಳಿ ಹೋಗಬೇಕಾದದ್ದು ತಮ್ಮನ್ನು ಹೊರಗಿಟ್ಟ ಕುಲದವರ ನಡುವೆಯೇ. ಹೆಸರಿಟ್ಟು ನೀರೆರೆದು ಅವರನ್ನು ಒಂಟಿಯಾಗಿ ಕಳುಹಿಸಿ ತಾವು ಹಡಗು ಹತ್ತಿದ್ದರೆ ಮೊಗ್ಲಿಂಗರನ್ನು ಯಾರೂ ದೂರುತ್ತಿರಲಿಲ್ಲ, ಕಾಯಿಲೆಯ ನೆಪವಿತ್ತು. ಅವರು ಪ್ರಯಾಣ ಕೈಬಿಟ್ಟು ಸೋಮಯ್ಯನವರ ಜೊತೆ ಘಟ್ಟ ಹತ್ತಿದರು. ಅವರ ಬಾಳಿನಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚಿನದಾಗಿ ಕಾಣುವುದು ಪತ್ರಿಕೆಯಲ್ಲ, ಈ ಘಟ್ಟ ಹತ್ತಿದ್ದು.

ಕೊಡಗಿನಲ್ಲಿ ಅವರು ಶಾಲೆಯ ಕೆಲಸಕ್ಕೆ ನಿಂತರು, ಆ ನಾಡನ್ನು ಕುರಿತು 1855ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಜಮ್ಮದ ಗದ್ದೆಗಳಲ್ಲಿ ಜೀತಕ್ಕಿದ್ದ ದಲಿತ ಕುಟುಂಬಗಳು ಕ್ರೈಸ್ತರಾದಾಗ ಅವರಿಗೆ ನೆಲೆಯಾಗಿ ಆನಂದಪುರವೆಂಬ ಊರು ಎದ್ದಿತು. ಅದರ ಹಿಂದೆ ಕೌಂಡಿನ್ಯರ ದುಡಿಮೆಯಿತ್ತು. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವರೊಬ್ಬರು ಜೀತದಾಳುಗಳಿಗಾಗಿ ಊರು ಕಟ್ಟಿದ್ದನ್ನು ಆ ಕಾಲದಲ್ಲಿಟ್ಟು ನೋಡಬೇಕು.

ಸಹೋದ್ಯೋಗಿ ವೈಗ್ಲೆ 1855ರಲ್ಲಿ ತೀರಿಕೊಂಡ ಮೇಲೆ ಅವರ ವಿಧವೆ ಪೌಲಿನಾ ಅವರನ್ನು ಮೊಗ್ಲಿಂಗರು ಮದುವೆಯಾದರು. ಪೌಲಿನಾ ಕಾಯಿಲೆ ಬಿದ್ದಾಗ, 1860ರಲ್ಲಿ, ಇಬ್ಬರೂ ಜರ್ಮನಿಗೆ ಹೊರಟರು. ಮೊಗ್ಲಿಂಗರು ಮತ್ತೆ ಕನ್ನಡನಾಡನ್ನು ಕಾಣಲಿಲ್ಲ. 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು.

ಮರುವರ್ಷ ಅವರ ಜೀವನಚರಿತ್ರೆ ಜರ್ಮನ್ ಭಾಷೆಯಲ್ಲಿ ಹೊರಬಂತು. ಬರೆದವರು ಬಹುಕಾಲದ ಗೆಳೆಯ ಹರ್ಮನ್ ಗುಂಡರ್ಟ್. 1872ರ ಮಲಯಾಳ ನಿಘಂಟಿನ ಅದೇ ಗುಂಡರ್ಟ್. ಕಾಸರಗೋಡಿನಲ್ಲಿ ಅವರ ಹೆಸರು ಕೇಳದವರು ಕಡಿಮೆ.