ನಾಕುಬೆಟ್ಟದ ರೈತರನ್ನು ಒಂದುಗೂಡಿಸಿದ ಆರಿ ಗೌಡರು

ನೀಲಗಿರಿಯ ಬಡಗ ಹಟ್ಟಿಗಳಲ್ಲಿ ಇಂದಿಗೂ ಗೌರವದಿಂದ ಸ್ಮರಿಸುವ ಹೆಸರುಗಳಲ್ಲಿ ರಾವ್ ಬಹದ್ದೂರ್ ಎಚ್.ಬಿ. ಆರಿ ಗೌಡರದು ಪ್ರಮುಖವಾದುದು. ಮದರಾಸು ಶಾಸನ ಪರಿಷತ್ತನ್ನು ಪ್ರವೇಶಿಸಿದ ಮೊದಲ ಬಡಗರು ಅವರು. ಆದರೂ ಕೂಕಲ್ತೊರೈಯಂಥ ತರಕಾರಿ ಬೆಳೆಯುವ ಊರುಗಳಲ್ಲಿ ಅವರ ಹೆಸರನ್ನು ಉಳಿಸಿರುವುದು ಶಾಸಕ ಪದವಿಗಿಂತಲೂ ಮಿಗಿಲಾಗಿ ಅವರು ಕಟ್ಟಿದ ರೈತರ ಸಹಕಾರ ಸಂಘ.

ಆರಿ ಗೌಡರು 1893ರ ಡಿಸೆಂಬರ್ 4ರಂದು ಕೂನೂರಿನ ಸಮೀಪದ ಹುಬ್ಬತಲೆಯಲ್ಲಿ ಜನಿಸಿದರು. ತಂದೆ ರಾವ್ ಬಹದ್ದೂರ್ ಬೆಳ್ಳಿ ಗೌಡರು ಹೆಸರಾಂತ ಗುತ್ತಿಗೆದಾರರು. 1899ರಲ್ಲಿ ಮೇಟುಪಾಳ್ಯದಿಂದ ಕೂನೂರಿಗೆ ಬಂದಿದ್ದ ರೈಲು 1908ರಲ್ಲಿ ಉದಕಮಂಡಲವನ್ನು ಮುಟ್ಟಿತು. ಕೂನೂರಿನಿಂದ ಮೇಲಿನ ಆ ಮಾರ್ಗದ ನಿರ್ಮಾಣದಲ್ಲಿ ಬೆಳ್ಳಿ ಗೌಡರ ಶ್ರಮವಿತ್ತು.

ರೈಲು ಬಂದುದರಿಂದ ಬೆಟ್ಟದ ಫಸಲು ಬಯಲಿಗೆ ಬೇಗನೆ ಇಳಿಯತೊಡಗಿತು. ಆದರೆ ಅದರ ಬೆಲೆಯನ್ನು ಕಟ್ಟುವ ಅಧಿಕಾರ ಬೆಳೆದವನ ಕೈಗೆ ಬರಲಿಲ್ಲ. ಆಲೂಗಡ್ಡೆ ಮೇಟುಪಾಳ್ಯದ ಮಂಡಿಗಳನ್ನು ಸೇರುತ್ತಿತ್ತು. ಬಿತ್ತನೆಗೂ ಗೊಬ್ಬರಕ್ಕೂ ರೈತನು ಮಂಡಿಯವರಿಂದಲೇ ಮುಂಗಡ ಪಡೆಯಬೇಕಿತ್ತು. ಸಾಲ ತಂದವನು ಫಸಲನ್ನು ಅವರಿಗೇ ಒಪ್ಪಿಸಬೇಕಿತ್ತು. ತೂಕವೂ ಅವರದೇ, ದಳ್ಳಾಳಿಯೂ ಅವರದೇ, ಲೆಕ್ಕದ ಪುಸ್ತಕವೂ ಅವರದೇ. ಒಂದು ಮಳೆಗಾಲ ಕೈಕೊಟ್ಟರೆ ಸಾಲವು ಮುಂದಿನ ವರ್ಷಕ್ಕೆ ದಾಟುತ್ತಿತ್ತು.

ಈ ಬಂಧನವನ್ನು ಒಬ್ಬೊಬ್ಬ ರೈತನೂ ಬೇರೆಬೇರೆಯಾಗಿ ಕಡಿಯಲಾರನೆಂಬುದನ್ನು ಆರಿ ಗೌಡರು ಅರಿತರು. 1935ರಲ್ಲಿ ನೀಲಗಿರಿ ಸಹಕಾರಿ ಮಾರಾಟ ಸಂಘವು ಅವರ ಮುಂದಾಳುತನದಲ್ಲಿ ಸ್ಥಾಪನೆಯಾಯಿತು. ರೈತನ ಫಸಲನ್ನು ಅವನ ಪರವಾಗಿ ಮಾರುವುದು, ಬೇಸಾಯಕ್ಕೆ ಸಾಲ ಕೊಡುವುದು, ಗೊಬ್ಬರ ಒದಗಿಸುವುದು ಸಂಘದ ಕೆಲಸಗಳಾದವು. ಹೀಗೆ ಸಾಲ ಮತ್ತು ಮಾರಾಟ ಎರಡೂ ರೈತರದೇ ಆದ ಒಂದು ಸಂಸ್ಥೆಯಲ್ಲಿ ಕೂಡಿದವು. ಮಂಡಿಯ ಹಿಡಿತ ನಿಂತಿದ್ದುದೇ ಈ ಎರಡನ್ನು ಒಂದು ಕೈಯಲ್ಲಿ ಇಟ್ಟುಕೊಂಡುದರ ಮೇಲೆ. ಆದುದರಿಂದ ಪೆಟ್ಟು ಬಿದ್ದುದು ಬುಡಕ್ಕೇ. ಆರಿ ಗೌಡರು ದೀರ್ಘಕಾಲ ಈ ಸಂಘದ ಅಧ್ಯಕ್ಷರಾಗಿದ್ದು ಅದನ್ನು ಬೆಳೆಸಿದರು.

ಅವರ ಆಸಕ್ತಿಗಳು ಕೃಷಿಗಷ್ಟೇ ಸೀಮಿತವಾಗಿರಲಿಲ್ಲ. ಸ್ಕೌಟು ಚಳವಳಿಯಲ್ಲಿ ತೊಡಗಿದ್ದ ಅವರು 1933ರಲ್ಲಿ ಹಂಗೇರಿಯಲ್ಲಿ ನಡೆದ ವಿಶ್ವ ಜಾಂಬೂರಿಗೆ ಭಾರತದ ತಂಡದೊಡನೆ ಹೋಗಿಬಂದರು. ಹಟ್ಟಿಯ ಹಿರಿಯರ ಕೂಟದಲ್ಲಿ ಕೂರಬಲ್ಲವರೂ ಮದರಾಸಿನ ಸಭಾಂಗಣದಲ್ಲಿ ನಿಲ್ಲಬಲ್ಲವರೂ ಅವರಾಗಿದ್ದರು. ಬೆಟ್ಟದ ಜನಕ್ಕೆ ಆ ಕಾಲದಲ್ಲಿ ಇಂಥವರೊಬ್ಬರು ಅಗತ್ಯವಾಗಿದ್ದರು.

1971ರ ಜೂನ್ 28ರಂದು ಆರಿ ಗೌಡರು ನಿಧನರಾದರು. ಅಷ್ಟರಲ್ಲಿ ಅನೇಕ ಆಲೂಗಡ್ಡೆ ಹೊಲಗಳಲ್ಲಿ ಚಹಾ ಗಿಡಗಳು ಬೇರೂರಿದ್ದವು. ಇಂದು ಸಣ್ಣ ಬೆಳೆಗಾರರು ಹಸುರೆಲೆಯ ಬೆಲೆಗಾಗಿ ಕೂಗೆಬ್ಬಿಸುವಾಗ ಕೇಳುವುದು ಅದೇ ಹಳೆಯ ಪ್ರಶ್ನೆ: ಬೆಳೆದವನ ಬೆವರಿಗೆ ಬೆಲೆ ಕಟ್ಟುವವರು ಯಾರು?

ಬಡಗ ಎಂಬ ಹೆಸರೇ ಬಡಗಣ ದಿಕ್ಕನ್ನು, ಅಂದರೆ ಕನ್ನಡದ ನೆಲವನ್ನು, ನೆನಪಿಸುತ್ತದೆ. ಬಡಗವು ಕನ್ನಡದ ಉಪಭಾಷೆಯೋ ಸ್ವತಂತ್ರ ನುಡಿಯೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ; ಅದರ ಬಾಂಧವ್ಯವನ್ನಂತೂ ಯಾರೂ ಅಲ್ಲಗಳೆಯರು. ಆದರೂ ಕನ್ನಡದ ಸಹಕಾರಿ ಧುರೀಣರ ಹೆಸರುಗಳನ್ನು ಹೇಳುವಾಗ ಆರಿ ಗೌಡರನ್ನು ನೆನೆಯುವವರು ವಿರಳ. ಗಡಿಯಾಚೆಯ ಬಂಧುಗಳು ನಮ್ಮನ್ನು ಮರೆತರೆಂದು ದೂರುವ ಮೊದಲು ನಮ್ಮ ಮಕ್ಕಳಿಗೆ ಅವರ ಬದುಕನ್ನು ಮನೆಯ ನುಡಿಯಲ್ಲಿ ನಾವೇ ಹೇಳೋಣ. ಶಾಲೆಯ ಪುಸ್ತಕದಲ್ಲಿ ಇಲ್ಲದುದನ್ನು ಹಟ್ಟಿಯ ಜಗಲಿಯಾದರೂ ಕಲಿಸಬೇಕು.