ರಕ್ತದ ಅಕ್ಷರಗಳನ್ನು ಓದಿದ ಡಾ. ಲೇಮನ್

ನೀಲಗಿರಿ, ವಯನಾಡು, ಮೈಸೂರು ಸೀಮೆಗಳು ಕೂಡುವ ಕಾಡಿನ ಮೂಲೆ ನಮಗೆ ದೂರದ್ದೇನೂ ಅಲ್ಲ. ಪಣಿಯರು, ಇರುಳರು, ಕುರುಂಬರು, ಕನ್ನಡಕ್ಕೆ ಹತ್ತಿರದ ಮಾತನ್ನಾಡುವ ಜೇನುಕುರುಬರು ತಲೆತಲಾಂತರದಿಂದ ಬಾಳಿಕೊಂಡು ಬಂದ ನೆಲವದು. ಅಲ್ಲಿಯ ಗಿರಿಜನರ ರಕ್ತದಲ್ಲಿ ಕುಡುಗೋಲು ಕಣವೆಂಬ ಲಕ್ಷಣವಿದೆಯೆಂದು 1952ರಲ್ಲಿ ಜಗತ್ತಿಗೆ ತಿಳಿಸಿದವರು ಡಾ. ಹರ್ಮನ್ ಲೇಮನ್ ಮತ್ತು ಅವರ ಸಹೋದ್ಯೋಗಿ ಮೇರಿ ಕಟ್‌ಬುಷ್. ಭಾರತದಲ್ಲಿ ಈ ಲಕ್ಷಣದ ಕುರಿತು ಬಂದ ಮೊದಲ ವರದಿಗಳಲ್ಲಿ ಅದೊಂದು. ಹಿಮೋಗ್ಲೋಬಿನ್ ಅಧ್ಯಯನದಲ್ಲಿ ಲೋಕವಿಖ್ಯಾತರಾದ ಈ ವೈದ್ಯರ ಬಾಳನ್ನು ನಮ್ಮ ಮಕ್ಕಳು ಅರಿತಿರುವುದು ಒಳ್ಳೆಯದು.

ಲೇಮನ್ 1910ರಲ್ಲಿ ಜರ್ಮನಿಯ ಹಾಲೆ ನಗರದಲ್ಲಿ ಜನಿಸಿದರು. ಅವರು ವೈದ್ಯವಿದ್ಯಾರ್ಥಿಯಾಗಿದ್ದಾಗಲೇ, 1933ರಲ್ಲಿ, ಆ ದೇಶದ ಆಡಳಿತ ನಾಜಿಗಳ ಕೈಸೇರಿತು. ರಕ್ತದ ಹೆಸರಿನಲ್ಲಿ ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸುವುದೇ ಆ ಸರಕಾರದ ನೀತಿ. ಯಹೂದಿ ಮೂಲದವರಾದ ಲೇಮನ್ನರು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೈದ್ಯ ಪದವಿ ಪಡೆದು, 1936ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಬಂದು ನೆಲೆಸಿದರು. ಮಹಾಯುದ್ಧ ಹೊತ್ತಿಕೊಂಡಾಗ, ಆಶ್ರಯ ಕೊಟ್ಟ ದೇಶವೇ ಅವರನ್ನು ಶತ್ರುದೇಶದವರೆಂದು ಕೆಲಕಾಲ ಬಂಧನದಲ್ಲಿಟ್ಟಿತು. ಮುಂದೆ ಅವರು ಅದೇ ದೇಶದ ಸೇನಾ ವೈದ್ಯದಳವನ್ನು ಸೇರಿದರು. ಸೇವೆ ಅವರನ್ನು ಭಾರತಕ್ಕೂ ಕರೆತಂದಿತು.

ಯುದ್ಧ ಮುಗಿದ ಮೇಲೆ ಅವರು ಹೋದದ್ದು ಆಫ್ರಿಕದ ಉಗಾಂಡಕ್ಕೆ. ಅಲ್ಲಿ ರಕ್ತಹೀನತೆಯನ್ನು ಅಭ್ಯಸಿಸುತ್ತಿರುವಾಗ ಕುಡುಗೋಲು ಕಣ ಅವರ ಗಮನ ಸೆಳೆಯಿತು. ಗುಂಡಗಿರಬೇಕಾದ ಕೆಂಪು ರಕ್ತಕಣ ಆಮ್ಲಜನಕ ಕಡಿಮೆಯಾದೊಡನೆ ಬಾಗಿ ಕುಡುಗೋಲಿನ ಆಕಾರ ತಾಳುತ್ತದೆ. ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಅಸಹ್ಯ ನೋವು ತರುತ್ತದೆ. ಈ ಲಕ್ಷಣ ಉಗಾಂಡದ ಒಂದು ಪಂಗಡದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಎಂಬುದನ್ನು ಲೇಮನ್ ಮತ್ತು ರೇಪರ್ 1949ರಲ್ಲಿ ಪ್ರಕಟಿಸಿದರು.

ಅದೇ ವರ್ಷ ಅಮೆರಿಕದಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಈ ರೋಗದ ಮೂಲವನ್ನು ಬಯಲಿಗೆ ತಂದರು. ಅವರು ಬಳಸಿದ ವಿಧಾನಕ್ಕೆ ಇಲೆಕ್ಟ್ರೊಫೊರೆಸಿಸ್ ಎಂದು ಹೆಸರು. ಪ್ರೋಟೀನನ್ನು ಲವಣದ ದ್ರಾವಣದಲ್ಲಿರಿಸಿ ವಿದ್ಯುತ್ತು ಹರಿಸುತ್ತಾರೆ. ಪ್ರತಿಯೊಂದು ಪ್ರೋಟೀನೂ ತನ್ನ ವಿದ್ಯುದಂಶಕ್ಕೆ ತಕ್ಕ ವೇಗದಲ್ಲಿ ಸರಿಯುತ್ತದೆ. ಕುಡುಗೋಲು ರೋಗಿಯ ಹಿಮೋಗ್ಲೋಬಿನ್ ಆರೋಗ್ಯವಂತನದಕ್ಕಿಂತ ಬೇರೆಯಾಗಿ ಸರಿಯಿತು. ಬಳಿಕ ಇದನ್ನೇ ಒದ್ದೆ ಕಾಗದದ ಪಟ್ಟಿಯ ಮೇಲೆ, ಒಂದು ತೊಟ್ಟು ರಕ್ತದಿಂದ ಮಾಡುವ ಸುಲಭ ಕ್ರಮ ಬಂದಿತು. ಕೆಲವೇ ವರ್ಷಗಳಲ್ಲಿ ವರ್ನನ್ ಇಂಗ್ರಾಮ್ ಕಾರಣವನ್ನು ಹುಡುಕಿದರು: ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ 6ನೆಯ ಸ್ಥಾನದಲ್ಲಿರುವ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕುಳಿತಿದೆ. ವ್ಯತ್ಯಾಸ ಅಷ್ಟೇ.

ಲೇಮನ್ನರು 1951ರಿಂದ ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯಲ್ಲಿಯೂ, 1963ರಿಂದ ಕೇಂಬ್ರಿಜ್‌ನಲ್ಲಿಯೂ ಈ ವಿಧಾನದಿಂದ ದೇಶದೇಶಗಳ ರಕ್ತವನ್ನು ಪರೀಕ್ಷಿಸಿದರು. ಹೊಸ ಹೊಸ ಹಿಮೋಗ್ಲೋಬಿನ್ ಭೇದಗಳು ಒಂದೊಂದಾಗಿ ಬೆಳಕಿಗೆ ಬಂದವು. ಆಗ ಒಂದು ದೊಡ್ಡ ಪ್ರಶ್ನೆ ಎದ್ದಿತು. ಅನುವಂಶೀಯ ಗುಣ ಬದಲಾಗುವ ಉತ್ಪರಿವರ್ತನೆ ಎಂಬುದು ನಡೆಯುವುದು ಹೇಗೆ? ಬರವಣಿಗೆಯೆಲ್ಲ ಒಮ್ಮೆಗೇ ಕಲಸಿಹೋಗುತ್ತದೆಯೆ, ಒಂದೊಂದೇ ಅಕ್ಷರ ತಪ್ಪುತ್ತದೆಯೆ?

ಜೀನುಗಳ ಬರಹದಲ್ಲಿ ಮೂರು ಅಕ್ಷರ ಸೇರಿ ಒಂದು ಪದ. ಒಂದು ಪದಕ್ಕೆ ಒಂದು ಅಮೈನೋ ಆಮ್ಲ. ನಮ್ಮ ಕಮಲ ಎಂಬ ಪದವನ್ನೇ ತೆಗೆದುಕೊಳ್ಳೋಣ. ಒಂದಕ್ಷರ ಬದಲಾದರೆ ಅದು ಅಮಲ ಆದೀತು, ಕಮಠ ಆದೀತು. ಗರುಡ ಆಗಬೇಕಾದರೆ ಮೂರು ಅಕ್ಷರವೂ ಬದಲಾಗಬೇಕು. ಹಾಗೆಯೇ ಉತ್ಪರಿವರ್ತನೆ ಒಂದಕ್ಷರದ ತಪ್ಪಾಗಿದ್ದರೆ, ಒಂದು ಅಮೈನೋ ಆಮ್ಲದ ಜಾಗಕ್ಕೆ ಕೆಲವೇ ಗೊತ್ತಾದವು ಮಾತ್ರ ಬರಬಲ್ಲವು. 1965ರಲ್ಲಿ ಬೀಲ್ ಮತ್ತು ಲೇಮನ್ ಅಂದಿಗೆ ತಿಳಿದಿದ್ದ ಹಿಮೋಗ್ಲೋಬಿನ್ ಭೇದಗಳನ್ನು ಈ ಲಿಪಿಗೆ ಹಚ್ಚಿ ನೋಡಿದರು. ಒಂದಕ್ಷರದ ಲೆಕ್ಕ ಹೊಂದಿಕೊಂಡಿತು. ಮನುಷ್ಯನ ರಕ್ತವೇ ಉತ್ಪರಿವರ್ತನೆಯ ಸಿದ್ಧಾಂತಕ್ಕೆ ಸಾಕ್ಷಿ ನುಡಿಯಿತು.

ಈ ಪರೀಕ್ಷೆಗೂ ಮಿತಿಯುಂಟು. ವಿದ್ಯುದಂಶ ಬದಲಾಗದ ಭೇದ ಕಾಗದದ ಮೇಲೆ ಕಾಣಿಸಿಕೊಳ್ಳುವುದಿಲ್ಲ. ಪಂಜಾಬಿನಲ್ಲಿ ಹೆಚ್ಚಾಗಿರುವ ಡಿ ಹಿಮೋಗ್ಲೋಬಿನ್ ಸಾಮಾನ್ಯ ಪರೀಕ್ಷೆಯಲ್ಲಿ ಕುಡುಗೋಲು ಹಿಮೋಗ್ಲೋಬಿನ್ನಿನ ಜೊತೆಜೊತೆಗೇ ಸರಿಯುತ್ತದೆ. ಆದುದರಿಂದ ಒಂದು ಪರೀಕ್ಷೆಯನ್ನೇ ನಂಬದೆ ಇನ್ನೊಂದರಿಂದ ತಾಳೆ ನೋಡುವುದು ಇಲ್ಲಿ ಕಡ್ಡಾಯ. 1968ರಲ್ಲಿ ಲೇಮನ್ ಮತ್ತು ಮ್ಯಾಕ್ಸ್ ಪೆರುಟ್ಜ್ ಕೂಡಿ, ಯಾವ ಸ್ಥಾನದ ತಪ್ಪು ಯಾವ ರೋಗ ತರುತ್ತದೆಂದು ಅಣುವಿನ ರಚನೆಯಿಂದಲೇ ವಿವರಿಸಿದರು. ಪೆರುಟ್ಜ್ ಕೂಡ ಯಹೂದಿ ಮೂಲದವರು, ಆಸ್ಟ್ರಿಯದಿಂದ ಬಂದವರು. 1972ರಲ್ಲಿ ಲೇಮನ್ನರು ರಾಯಲ್ ಸೊಸೈಟಿಯ ಸದಸ್ಯರಾದರು; 1985ರಲ್ಲಿ ತೀರಿಕೊಂಡರು.

ನೀಲಗಿರಿಯ ಮತ್ತು ಆಫ್ರಿಕದ ಕುಡುಗೋಲು ಕಣಗಳಿಗೆ ಮೂಲ ಒಂದೇ ಇರಬೇಕೆಂದು ಲೇಮನ್ ಎಣಿಸಿದ್ದರು. 1980ರ ದಶಕದ ಡಿ.ಎನ್.ಎ. ಪರೀಕ್ಷೆಗಳು ಭಾರತ-ಅರೇಬಿಯದ ಉತ್ಪರಿವರ್ತನೆ ಬೇರೆಯಾಗಿಯೇ ಹುಟ್ಟಿತೆಂಬ ಅಭಿಪ್ರಾಯಕ್ಕೆ ಬಲ ಕೊಟ್ಟವು. 2018ರ ಒಂದು ಅಧ್ಯಯನ ಮತ್ತೆ ಒಂದೇ ಮೂಲದತ್ತ ಬೆರಳು ತೋರಿದೆ. ಚರ್ಚೆ ಇನ್ನೂ ಮುಗಿದಿಲ್ಲ.

ವಯನಾಡಿನ ಮನೆಗಳಲ್ಲಿ ನೋವು ತಿನ್ನುವ ಮಕ್ಕಳಿಗಾದರೋ ಇದು ಇಂದಿನ ಮಾತು. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ಜೀನು ಬಂದವರು ಸಾಮಾನ್ಯವಾಗಿ ಆರೋಗ್ಯವಂತರೇ; ಅವರಿಗೆ ಮಲೇರಿಯದಿಂದ ತಕ್ಕಮಟ್ಟಿನ ರಕ್ಷಣೆಯೂ ಇದೆಯೆಂದು 1954ರಲ್ಲಿ ಆಂಥೊನಿ ಆಲಿಸನ್ ತೋರಿಸಿಕೊಟ್ಟರು. ಅಂಥ ಇಬ್ಬರು ಮದುವೆಯಾದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಕೇಂದ್ರ ಸರಕಾರ 2023ರ ಜುಲೈ 1ರಂದು ಈ ರೋಗದ ನಿರ್ಮೂಲನ ಯೋಜನೆಯನ್ನು ಆರಂಭಿಸಿ, ಬುಡಕಟ್ಟು ಪ್ರದೇಶಗಳಲ್ಲಿ ರಕ್ತಪರೀಕ್ಷೆ ನಡೆಸುತ್ತಿದೆ.

ಪರೀಕ್ಷೆಗೆ ಕೈಯೊಡ್ಡಲು ನಾಚಿಕೆ ಬೇಡ. ಈ ಲಕ್ಷಣ ಯಾರ ಪಾಪದ ಫಲವೂ ಅಲ್ಲ, ಯಾವ ಕುಲದ ಕೀಳುತನದ ಗುರುತೂ ಅಲ್ಲ. ಎಂದೋ ಯಾರಿಗೋ ಆದ ಒಂದಕ್ಷರದ ಬದಲಾವಣೆ. ರಕ್ತದ ನೆಪದಲ್ಲಿ ಹುಟ್ಟಿದ ನಾಡನ್ನು ಕಳೆದುಕೊಂಡ ಮನುಷ್ಯ ಜೀವಮಾನವೆಲ್ಲ ದುಡಿದು ಇದನ್ನು ನಮಗೆ ಸ್ಪಷ್ಟಪಡಿಸಿದರೆಂಬುದನ್ನು ನಾವು ಮರೆಯಬಾರದು.